ಕಾಣೆಯಾದ ಒಂದು ಗಂಟೆ ಇಪ್ಪತ್ತು ನಿಮಿಷ

ಆಗಸ್ಟ್ 21

ಅಣ್ಣನಿಗೆ,

ನಾವು ಬದುಕಿದ್ದೇವೆ. ಮೊದಲು ಅದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ನಮ್ಮ ಮನೆ ಮೇಲಿನ ಬೀದಿಯಲ್ಲಿರುವುದರಿಂದ ನೀರು ಮೂರನೇ ಮೆಟ್ಟಿಲಿನ ತನಕ ಬಂದು ಹಿಂದಕ್ಕೆ ಹೋಯಿತು. ಇವರೂ ಚೆನ್ನಾಗಿದ್ದಾರೆ.

ಕೆಳಬೀದಿ ಈಗ ಇಲ್ಲ. ಗೋಡೆಗಳಿವೆ, ಬೀದಿ ಇಲ್ಲ. ಒಂಬತ್ತು ಜನ ಹೋದರು. ಅವರಲ್ಲಿ ಗುಂಡಿಯಕ್ಕನೂ ಒಬ್ಬಳು. ಗುಂಡಿ, ದಾರ, ಲೇಸು ಮಾರುತ್ತಿದ್ದ ನನ್ನ ಗೆಳತಿ, ಕಳೆದ ಸಲ ನೀನು ಬಂದಾಗ ನಿನ್ನ ಕೋಟಿಗೆ ಗುಂಡಿ ಹೊಲಿದುಕೊಟ್ಟು, "ಅಣೆಕಟ್ಟು ಕಾಯೋರಿಗೆ ಒಂದು ಗುಂಡಿ ಕಾಯೋಕಾಗಲ್ವಾ?" ಅಂತ ನಕ್ಕಿದ್ದಳಲ್ಲ, ಅವಳೇ. ಸೈರನ್ ಕೂಗಿದಾಗ ಮಗಳನ್ನು ಮುಂದೆ ಓಡಿಸಿ, "ಹೊಲಿಗೆ ಮೆಷಿನ್ ಅಟ್ಟಕ್ಕೆ ಏರಿಸಿ ಬಂದೆ" ಅಂದಳಂತೆ. ಮೆಷಿನ್ ಅಟ್ಟದ ಮೇಲೇ ಸಿಕ್ಕಿತು. ಅವಳು ಸಿಕ್ಕಿದ್ದು ಮೂರು ದಿನದ ಮೇಲೆ.

ಅಣ್ಣ, ನನ್ನ ಕೆಲಸ ನಿನಗೆ ಗೊತ್ತು. ಸೇತುವೆಯ ಕಂಬಕ್ಕೆ ಬಡಿದ ಅಳತೆ ಪಟ್ಟಿಯನ್ನು ದಿನಕ್ಕೆ ಮೂರು ಸಲ ನೋಡಿ ನೀರಿನ ಮಟ್ಟ ಬರೆದಿಡುವವಳು ನಾನು. ಅವತ್ತು, ಒಂಬತ್ತನೇ ತಾರೀಖು, ಬೆಳಗ್ಗೆ ಎಂಟಕ್ಕೆ ಮೂರೂಕಾಲು ಮೀಟರು. ಹತ್ತೂ ಇಪ್ಪತ್ತರ ಹೊತ್ತಿಗೆ ಪಟ್ಟಿಯೇ ಕಾಣಲಿಲ್ಲ. ಸೈರನ್ ಕೂಗಿದ್ದು ಹತ್ತೂ ಹತ್ತಕ್ಕೆ. ಹತ್ತು ನಿಮಿಷದಲ್ಲಿ ಯಾರು ಎಲ್ಲಿಗೆ ಓಡಬೇಕು?

ಊರಲ್ಲಿ ಒಂದೇ ಮಾತು: ಹೇಳದೆ ಕೇಳದೆ ಗೇಟು ತೆಗೆದರು. ಆ ಮಾತಾಡುವಾಗ ಎಲ್ಲರೂ ನನ್ನ ಮುಖ ನೋಡುತ್ತಾರೆ, ಯಾಕೆಂದರೆ ಆ ಗೇಟಿನ ಬಳಿ ನಿಂತಿರುವವನು ನನ್ನ ಅಣ್ಣ. ಊರ ಬಾಯಿಗೆ ಬೀಗ ಹಾಕಲಾರೆ. ನೀನು ಹೇಳು. ಎಷ್ಟು ಗೇಟು ತೆಗೆದಿರಿ? ಎಷ್ಟು ಹೊತ್ತಿಗೆ? ತೆಗೆಯುವ ಮುಂಚೆ ನಮ್ಮೂರಿಗೆ ಫೋನ್ ಮಾಡಿದ್ದೆಯಾ? ಮಾಡಿದ್ದರೆ ಯಾವಾಗ?

ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀನು ಫೋನಿನಲ್ಲಿ ಎರಡು ಮಾತಿಗೆ "ಸರಿ, ಇಡ್ತೀನಿ" ಅನ್ನುವವನು. ಕಾಗದದಲ್ಲಾದರೆ ಸುಲಭವಾಗಿ ಇಟ್ಟುಬಿಡಲಾಗುವುದಿಲ್ಲ.

ನಿನ್ನ ತಂಗಿ


ಸೆಪ್ಟೆಂಬರ್ 2

ಪುಟ್ಟಿ,

ನೀವಿಬ್ಬರೂ ಉಳಿದಿರಿ ಎಂದು ಓದಿ ಸ್ವಲ್ಪ ಹೊತ್ತು ಕಾಗದವನ್ನು ಮಡಿಚಿಟ್ಟುಬಿಟ್ಟೆ. ಮೆಟ್ಟಿಲ ಕೆಳಗಿನ ಗೋಡೆ ಒದ್ದೆಯಾಗಿದ್ದರೆ ಕೂಡಲೇ ಬಣ್ಣ ಹೊಡೆಸಬೇಡಿ, ಒಣಗಲಿ. ನಿನ್ನ ಕೆಮ್ಮು ಹೇಗಿದೆ? ಇಲ್ಲಿ ಮಳೆ ನಿಂತಿದೆ. ನೀರು ಕೆಸರಿನ ಬಣ್ಣಕ್ಕಿದೆ.

ಗೇಟು ತೆಗೆದದ್ದು ಹೌದು. ಮೇಲಿನವರ ಮಾತಿನಂತೆ ತೆಗೆದೆ. ಉಳಿದದ್ದನ್ನು ವಿಚಾರಣೆಯಲ್ಲಿ ಹೇಳುತ್ತೇನೆ. ವಿಚಾರಣೆ ಮುಗಿಯುವ ತನಕ ಯಾರೊಂದಿಗೂ ಮಾತಾಡಕೂಡದು ಎಂದು ನಮ್ಮಿಂದ ಸಹಿ ಮಾಡಿಸಿಕೊಂಡಿದ್ದಾರೆ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕಾಗದದಲ್ಲಿ ಗೇಟು ಎಷ್ಟು, ಗಂಟೆ ಎಷ್ಟು ಎಂದೆಲ್ಲ ಒಂದಾದ ಮೇಲೊಂದು ಪ್ರಶ್ನೆ. ನೀನು ಹೀಗೆ ಕೇಳುವವಳಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಬರೆಸಿದರೇ? ನನ್ನ ಕೈಬರಹ ಸಿಕ್ಕಿದರೆ ಸಾಕು ಎಂದು ಕಾಯುತ್ತಿರುವವರು ಇಲ್ಲೂ ಇದ್ದಾರೆ, ಅಲ್ಲೂ ಇರಬಹುದು.

ಗುಂಡಿಯಕ್ಕನ ವಿಷಯ ತಿಳಿದು ಸಂಕಟವಾಯಿತು. ಆ ಕೋಟನ್ನು ಹಾಕಿಕೊಳ್ಳಲು ಆಗುತ್ತಿಲ್ಲ.

ನಿನ್ನ ಅಣ್ಣ


ಸೆಪ್ಟೆಂಬರ್ 9

ಅಣ್ಣನಿಗೆ,

ಬರೆಸಿದವರು ಯಾರೂ ಇಲ್ಲ. ಬರೆಸಿದ್ದು ಕೆಳಬೀದಿ.

ಹೇಳದಿದ್ದರೆ ಬಿಡು, ಲೆಕ್ಕ ನನಗೂ ಬರುತ್ತದೆ. ಅಣೆಕಟ್ಟಿನಿಂದ ಹೊರಟ ನೀರು ನಮ್ಮ ಸೇತುವೆ ಮುಟ್ಟಲು ಒಂದೂವರೆ ಗಂಟೆ ಬೇಕು. ಹನ್ನೊಂದು ವರ್ಷದಿಂದ ಬರೆದಿಟ್ಟ ಪುಸ್ತಕ ನನ್ನ ಕೈಯಲ್ಲಿದೆ. ನೀರು ಏರಿದ್ದು ಹತ್ತೂ ಇಪ್ಪತ್ತಕ್ಕೆ. ಅಂದರೆ ನೀನು ಗೇಟು ತೆಗೆದದ್ದು ಎಂಟೂ ಐವತ್ತಕ್ಕೆ. ಸೈರನ್ ಕೂಗಿದ್ದು ಹತ್ತೂ ಹತ್ತಕ್ಕೆ. ನಡುವಿನ ಒಂದು ಗಂಟೆ ಇಪ್ಪತ್ತು ನಿಮಿಷ ಎಲ್ಲಿ ಹೋಯಿತು? ಗುಂಡಿಯಕ್ಕನಿಗೆ ಅದರಲ್ಲಿ ಅರ್ಧ ಸಿಕ್ಕಿದ್ದರೂ ಸಾಕಿತ್ತು. ಅಂಗಡಿಯನ್ನೆಲ್ಲ ಕಟ್ಟಿಕೊಂಡು, ದಾರಿಯಲ್ಲಿ ನಾಲ್ಕು ಜನರನ್ನು ಮಾತಾಡಿಸಿಕೊಂಡೇ ಗುಡ್ಡ ಹತ್ತುತ್ತಿದ್ದಳು.

ಇವರನ್ನೂ ಕೇಳಿದೆ. ಪುರಸಭೆಯ ಫೋನೂ ಸೈರನ್ನೂ ಇವರ ಉಸ್ತುವಾರಿಯೇ ತಾನೆ.

"ಅಣ್ಣ ಫೋನ್ ಮಾಡಿದ್ನಾ?"

"ಹತ್ತಕ್ಕೆ ಐದು ನಿಮಿಷ ಇದ್ದಾಗ ಬಂತು. ಅಲ್ಲಿಂದ ಬೀಗದ ಕೈ ಹುಡುಕಿ, ಮೇಲೆ ಓಡಿ ಒತ್ತಿದೆ," ಅಂದರು. ಆಮೇಲೆ ಮೆಲ್ಲಗೆ, "ಕೆದಕಬೇಡ ಕಣೇ. ಏನೇ ಆದ್ರೂ ಒಡಹುಟ್ಟಿದವನು," ಅಂದರು.

ನೋಡು, ನಿನ್ನ ಪರವಾಗಿ ಮಾತಾಡುವವರು ಈ ಊರಲ್ಲಿ ಅವರೊಬ್ಬರೇ. ನೀನು ನೋಡಿದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಬರೆಯುತ್ತೀಯ.

ಇನ್ನೊಂದು ವಿಷಯ. ನಿನ್ನ ಕವರಿಗೆ ಎರಡು ಸಲ ಅಂಟು ಹಚ್ಚಿದ ಹಾಗಿತ್ತು. ನೀನೇ ತೆಗೆದು ಮತ್ತೆ ಅಂಟಿಸಿದೆಯಾ? ಅಥವಾ ಅಲ್ಲಿ ನಿಮ್ಮ ಕಾಗದಗಳನ್ನು ಯಾರಾದರೂ ಓದುತ್ತಾರಾ?

ತಂಗಿ


ಸೆಪ್ಟೆಂಬರ್ 30

ಪುಟ್ಟಿ,

ಕವರನ್ನು ನಾನು ಒಂದೇ ಸಲ ಅಂಟಿಸಿದೆ. ಇಲ್ಲಿಂದ ಹೋಗುವ ಕಾಗದವನ್ನು ಯಾರೂ ತೆರೆಯುವುದಿಲ್ಲ. ಡಬ್ಬಿಗೆ ನಾನೇ ಹಾಕುತ್ತೇನೆ.

ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ. ಕ್ವಾರ್ಟರ್ಸ್ ಬಿಡಲು ಹೇಳಿಲ್ಲ. ಬೆಳಗ್ಗೆ ಎದ್ದು ಶೂ ಹಾಕಿಕೊಂಡು ಬಾಗಿಲ ತನಕ ಹೋಗಿ ವಾಪಸ್ ಬರುತ್ತೇನೆ.

ಫೋನಿನ ವಿಷಯ: ನಿಮ್ಮ ಮನೆಯವರು ಹಾಗೆ ಹೇಳಿದ್ದರೆ ಹಾಗೇ ಇರಲಿ.

ಗೇಟಿನ ವಿಷಯ ಮಾತ್ರ ಹೇಳುತ್ತೇನೆ, ಅದು ಎಲ್ಲರಿಗೂ ಗೊತ್ತಾಗುವಂಥದ್ದೇ. ಮಳೆಗಾಲದ ಮೊದಲು ಅಣೆಕಟ್ಟನ್ನು ಮೂರರಲ್ಲಿ ಒಂದು ಪಾಲು ಖಾಲಿ ಇಟ್ಟುಕೊಳ್ಳುವುದು ಇಲ್ಲಿನ ಹಳೆಯ ವಾಡಿಕೆ, ದೊಡ್ಡ ಮಳೆ ಬಂದರೆ ಹಿಡಿಯಲು ಜಾಗ ಬೇಕಲ್ಲ. ಈ ವರ್ಷ ಹಾಗೆ ಮಾಡಲಿಲ್ಲ. ಎರಡು ವರ್ಷ ಬರ ಕಂಡಿದ್ದ ಊರುಗಳೆಲ್ಲ ಒಂದು ಹನಿಯನ್ನೂ ಬಿಡಬೇಡಿ ಎಂದು ಮೇ ತಿಂಗಳಲ್ಲಿ ಅರ್ಜಿ ಕಳಿಸಿದವು. ಮೇಲಿನವರು ಒಪ್ಪಿದರು. ಜುಲೈ ಕೊನೆಗೆ ಅಣೆಕಟ್ಟು ಕಂಠದ ತನಕ ತುಂಬಿತ್ತು. ಆಗಸ್ಟ್ ಎಂಟಕ್ಕೆ ಆ ಮಳೆ ಬಂತು. ಗೇಟು ತೆಗೆಯದಿದ್ದರೆ ಕಟ್ಟೆಯೇ ಹೋಗುತ್ತಿತ್ತು. ಆಗ ಸತ್ತವರನ್ನು ಎಣಿಸುವವರೂ ಉಳಿಯುತ್ತಿರಲಿಲ್ಲ.

ನಿಮ್ಮೂರಿನ ಅರ್ಜಿಯನ್ನು ನಾನು ನೋಡಿದ್ದೇನೆ. ನಾಲ್ಕು ಸಾವಿರ ಸಹಿ. ನಿನ್ನ ಅಕ್ಷರ ಗುರುತಿಸಲು ನನಗೆ ಕನ್ನಡಕ ಬೇಡ ಪುಟ್ಟಿ.

ಅಣ್ಣ


ಅಕ್ಟೋಬರ್ 12

ಅಣ್ಣನಿಗೆ,

ಇನ್ನು ಮೇಲೆ ಕಾಗದವನ್ನು ನಮ್ಮ ವಿಳಾಸಕ್ಕೆ ಹಾಕಬೇಡ. ಕೆಳಗೆ ಗುಂಡಿಯಕ್ಕನ ಮಗಳ ಈಗಿನ ವಿಳಾಸ ಬರೆದಿದ್ದೇನೆ. ಈ ಸಲದ ಕವರಿನಲ್ಲೂ ಎರಡು ಅಂಟು. ನೆರೆ ಬಂದ ಮೇಲೆ ನಮ್ಮ ಬೀದಿಯ ಅಂಚೆಯನ್ನೆಲ್ಲ ಪುರಸಭೆಯಲ್ಲಿ ಕೊಟ್ಟುಹೋಗುತ್ತಾರೆ ಎಂಬುದು ನನಗೆ ಮೊನ್ನೆ ತನಕ ಹೊಳೆದೇ ಇರಲಿಲ್ಲ.

ಹೌದು, ಅರ್ಜಿ ಬರೆದವಳು ನಾನೇ. ಐದು ತಿಂಗಳು ಪಟ್ಟಿಯ ಬುಡದಲ್ಲಿ ಒಣ ಮಣ್ಣು ನೋಡಿ, ದಿನಕ್ಕೆ ಮೂರು ಸಲ ಸೊನ್ನೆ, ಸೊನ್ನೆ, ಸೊನ್ನೆ ಅಂತ ಬರೆದಿದ್ದೆ. ಟ್ಯಾಂಕರ್ ಸಾಲಿನಲ್ಲಿ ಎರಡು ಕೊಡದ ಜಾಗಕ್ಕೆ ಅಕ್ಕತಂಗಿಯರು ಜಡೆ ಹಿಡಿದುಕೊಂಡು ಜಗಳವಾಡಿದ್ದನ್ನು ನೋಡಿದ್ದೆ. "ನೀನೇ ಬರಿ, ನಿನ್ನ ಅಕ್ಷರ ನೋಡಿದ್ರೆ ಕಲ್ಲೂ ಕರಗುತ್ತೆ" ಅಂತ ಗುಂಡಿಯಕ್ಕನೇ ಪೆನ್ನು ಕೊಟ್ಟಳು. ಮೊದಲ ಸಹಿ ಅವಳದು.

ಆದರೆ ನಿನ್ನ ಕಾಗದದಲ್ಲಿ ನನ್ನನ್ನು ಚುಚ್ಚಿದ್ದು ಅದಲ್ಲ. "ಹಾಗೇ ಇರಲಿ" ಅಂದರೇನು? ತಪ್ಪು ಮಾಡಿದವನು ಹಾಗೆ ಬರೆಯುವುದಿಲ್ಲ. ಮಾಡದವನೂ ಬರೆಯುವುದಿಲ್ಲ. ಇನ್ನೊಬ್ಬರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡವನು ಹಾಗೆ ಬರೆಯುತ್ತಾನೆ.

ಅಂದಿನಿಂದ ನಾನು ಮನೆಯಲ್ಲಿ ಕಣ್ಣು ಬಿಟ್ಟುಕೊಂಡಿದ್ದೇನೆ. ಶನಿವಾರದ ಸೈರನ್ ಪರೀಕ್ಷೆಯನ್ನು ಇವರು ಬೇರೆಯವರಿಗೆ ಒಪ್ಪಿಸಿದ್ದಾರೆ. ಅದು ಕೂಗುವ ಹೊತ್ತಿಗೆ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿರುತ್ತಾರೆ. ಬರುವ ಫೋನ್ ಬರೆದಿಡುವ ಪುಸ್ತಕವೊಂದಿತ್ತಲ್ಲ ಅಂತ ಕೇಳಿದೆ. "ನೀರಲ್ಲಿ ಹೋಯ್ತು" ಅಂದರು. ಪುರಸಭೆಯ ಫೋನ್ ಇರುವುದು ಎರಡನೇ ಮಹಡಿಯಲ್ಲಿ, ಅಣ್ಣ. ನೀರು ಹತ್ತಿದ್ದು ಮೊದಲನೆಯದರ ಅರ್ಧಕ್ಕೆ.

ನಾನು ಸುಮ್ಮನೆ ತಲೆಯಾಡಿಸಿ ಪಾತ್ರೆ ತೊಳೆದೆ. ಹದಿನಾರು ವರ್ಷ ಸಂಸಾರ ಮಾಡಿದ ಮನುಷ್ಯನ ಬೆನ್ನನ್ನು ಕಳ್ಳನ ಬೆನ್ನಿನ ಹಾಗೆ ನೋಡುತ್ತಾ ನಿಂತಿದ್ದೆ. ಹಾಗೆ ನೋಡುವವಳೂ ಒಳ್ಳೆಯವಳಲ್ಲ.

ತಂಗಿ


ನವೆಂಬರ್ 3

ಅಣ್ಣನಿಗೆ,

ನೀನು ಉತ್ತರ ಬರೆಯಲಿಲ್ಲ. ಬರೆಯುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಟೆಲಿಫೋನ್ ಕಚೇರಿಗೆ ಹೋದೆ. ಅಲ್ಲಿ ಕೂರುವ ಹೆಂಗಸಿನ ತಮ್ಮನೂ ಆ ಒಂಬತ್ತು ಜನರಲ್ಲಿ ಒಬ್ಬ. ಅವಳು ದಾಖಲೆ ತೆಗೆದು, ತೋರಿಸದೆ, ಓದಿ ಹೇಳಿದಳು. ಒಂಬತ್ತನೇ ತಾರೀಖು ಅಣೆಕಟ್ಟಿನಿಂದ ಪುರಸಭೆಗೆ ಎರಡು ಫೋನ್. ಒಂದು ಒಂಬತ್ತೂ ಐವತ್ತೈದಕ್ಕೆ. ಇನ್ನೊಂದು ಎಂಟೂ ಇಪ್ಪತ್ತಕ್ಕೆ.

ಭಾನುವಾರ ಬೆಳಗ್ಗೆ ಇವರು ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು.

"ಎಂಟೂ ಇಪ್ಪತ್ತಕ್ಕೆ ಅಣ್ಣ ಫೋನ್ ಮಾಡಿದ್ನಾ?"

ಚಾಕು ನಿಂತಿತು. "ಯಾರು ಹೇಳಿದ್ರು?"

"ನಾನು ಕೇಳಿದ್ದು ಅದಲ್ಲ."

"ಮಾಡಿದ್ದ," ಅಂದರು. "ಕಾಗದ ತೆಗೆದು ಓದ್ತಿದ್ದದ್ದೂ ನಾನೇ. ಅವನು ಬರೆದುಬಿಟ್ಟಿರ್ತಾನೆ ಅಂತ. ಒಂದು ಸಲವೂ ಅವನು ಬರೆದಿರ್ಲಿಲ್ಲ."

ಯಾಕೆ ಒತ್ತಲಿಲ್ಲ ಅಂತ ಕೇಳಿದೆ. ಸಿಪ್ಪೆಯನ್ನು ಒಂದೊಂದಾಗಿ ಗುಡ್ಡೆ ಹಾಕುತ್ತಾ ಹೇಳಿದರು.

"ಜುಲೈನಲ್ಲಿ ಎರಡು ಸಲ ಫೋನ್ ಬಂತು, ಎರಡು ಸಲವೂ ಒತ್ತಿದೆ. ಊರೆಲ್ಲ ಹಾಸಿಗೆ ಹೊತ್ಕೊಂಡು ಗುಡ್ಡ ಹತ್ತಿತು. ಗೇಟು ತೆಗೀಲೇ ಇಲ್ಲ. ಆಮೇಲೆ ನನ್ನ ಹೆಸರೇನಾಯ್ತು ಹೇಳು?"

ಬೊಬ್ಬೆರಾಯ. ಮಾರುಕಟ್ಟೆಯಲ್ಲಿ ತರಕಾರಿಯವನೂ ಹಾಗೇ ಕರೆಯುತ್ತಿದ್ದ.

"ಇನ್ನೊಂದು ಸಲ ನನ್ನ ಕೇಳದೆ ಒತ್ತಿದ್ರೆ ಮನೇಲೇ ಇರು ಅಂದ್ರು ಅಧ್ಯಕ್ಷರು. ಅವತ್ತು ಅವರಿಗೆ ಮೂರು ಸಲ ಫೋನ್ ಮಾಡ್ದೆ, ಎತ್ತಲಿಲ್ಲ. ಅದಕ್ಕೇ ಕಣ್ಣಾರೆ ನೋಡೋಣ ಅಂತ ಸೇತುವೆಗೆ ಬಂದೆ. ನಿನ್ನ ಹತ್ರ."

ಅಣ್ಣ, ಬಂದಿದ್ದರು. ನಾನು ಮರೆತೇಬಿಟ್ಟಿದ್ದೆ. ಎಂಟೂವರೆ ದಾಟಿತ್ತು, ನಾನು ಪಟ್ಟಿಗೆ ಹಿಡಿದ ಕೆಸರು ಉಜ್ಜುತ್ತಿದ್ದೆ.

"ನದಿ ಹೇಗಿದೆ ಅಂತ ಕೇಳ್ದೆ. ನೀನೇನಂದೆ?"

"ಮೂರೂಕಾಲು. ಅಲ್ಲಾಡಿಲ್ಲ ಅಂದೆ."

"ಅಷ್ಟೇ ಅಲ್ಲ. ನಕ್ಕೆ. 'ಏನ್ರೀ ಬೊಬ್ಬೆರಾಯರು, ಬೆಳಗ್ಗೇನೇ ಈ ಕಡೆ?' ಅಂದೆ."

ಅಂದಿದ್ದೆ. ಎಲ್ಲರೂ ಕರೆಯುತ್ತಾರೆ, ನಾನೂ ಕರೆದೆ, ಸಲುಗೆಯಿಂದ. ಅವರು ನಗದೆ ತಿರುಗಿ ಹೋದದ್ದನ್ನೂ ನಾನು ಗಮನಿಸಲಿಲ್ಲ. ಫೋನ್ ಬಂದಿದೆ ಅಂತ ಅವರು ಒಂದು ಮಾತು ಹೇಳಿದ್ದರೆ ನಾನೇ ಮೇಲೆ ಹತ್ತಿ ಒತ್ತುತ್ತಿದ್ದೆ. ನೀರು ಬರಲು ಒಂದೂವರೆ ಗಂಟೆ ಬೇಕು ಅನ್ನುವುದು ನನಗಲ್ಲದೆ ಇನ್ನಾರಿಗೆ ಗೊತ್ತಿತ್ತು?

ಈಗ ನಿನ್ನನ್ನು ಕೇಳುತ್ತೇನೆ. ನಿನಗೆ ಇದೆಲ್ಲ ಮೊದಲಿಂದ ಗೊತ್ತಿತ್ತು. ಮೂರು ತಿಂಗಳು ನಾನು ನಿನ್ನನ್ನು ಕೊಲೆಗಾರನ ಹಾಗೆ ಕಂಡೆ. ಸುಮ್ಮನಿದ್ದೆಯಲ್ಲ, ಯಾಕೆ?

ತಂಗಿ


ನವೆಂಬರ್ 15

ಪುಟ್ಟಿ,

ನೀನು ಆ ಮನೆಯಲ್ಲಿ ಬಾಳಬೇಕಾದವಳು ಎಂದು ಸುಮ್ಮನಿದ್ದೆ. ಹೀಗೆ ಬರೆದರೆ ನೀನು ಅಳುತ್ತೀಯ, ನನ್ನನ್ನು ದೊಡ್ಡವನು ಅನ್ನುತ್ತೀಯ. ಅದು ಅರ್ಧ ನಿಜ. ಇನ್ನರ್ಧವನ್ನೂ ಕೇಳು.

ಎಂಟೂ ಇಪ್ಪತ್ತಕ್ಕೆ ನಾನು ಮಾಡಿದ ಫೋನು ಒಂದು ನಿಮಿಷವೂ ಇರಲಿಲ್ಲ. "ಗೇಟು ತೆಗೀಬಹುದು, ನೋಡ್ಕೊಳ್ಳಿ" ಅಂದೆ. ತೆಗೀತೀವಿ ಅನ್ನಲಿಲ್ಲ. ಮೇಲಿನವರ ಸಹಿ ಇನ್ನೂ ಬಂದಿರಲಿಲ್ಲ, ಮಾತು ಕೊಟ್ಟು ಸಿಕ್ಕಿಬೀಳುವುದು ಯಾಕೆ ಎಂದು ಆ "ಬಹುದು" ಸೇರಿಸಿದೆ. ಜುಲೈನಲ್ಲಿ ಎರಡು ಸಲ ನಿಮ್ಮೂರನ್ನು ಗುಡ್ಡ ಹತ್ತಿಸಿದ್ದೂ ಅದೇ "ಬಹುದು". ಭಾವ ಆ ಕಡೆಯಿಂದ, "ಖಂಡಿತಾನಾ?" ಅಂತ ಕೇಳಿದರು. "ಆಮೇಲೆ ಹೇಳ್ತೀನಿ" ಅಂದು ಇಟ್ಟುಬಿಟ್ಟೆ.

ಎಂಟೂ ನಲವತ್ತಕ್ಕೆ ಸಹಿ ಬಂತು. ನಾನು ಅಂದುಕೊಂಡಂತೆ ಎರಡಲ್ಲ, ನಾಲ್ಕು ಗೇಟು. ಆಗಲೇ ಮತ್ತೆ ಫೋನ್ ಮಾಡಬೇಕಿತ್ತು. ಮೂರನೇ ಗೇಟಿನ ಮೋಟಾರು ಕೈಕೊಟ್ಟಿತು. ನಾಲ್ಕು ಜನ ಸೇರಿ ಕೈಯಿಂದ ತಿರುಗಿಸಿದೆವು. ಒಮ್ಮೆ ಎಚ್ಚರಿಕೆ ಕೊಟ್ಟಾಗಿದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಕೈ ತೊಳೆದುಕೊಂಡು ಫೋನಿನ ಬಳಿ ಹೋಗುವಾಗ ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ.

ನಿಮ್ಮ ಮನೆಯವರ ಹೆಸರು ಹೇಳಿದರೆ ನನ್ನ "ಬಹುದು" ಕೂಡ ಹೊರಬರುತ್ತಿತ್ತು. ಅದಕ್ಕೂ ಸುಮ್ಮನಿದ್ದೆ. ತ್ಯಾಗದ ಬಟ್ಟೆ ಚೆನ್ನಾಗಿ ಹೊಂದಿಕೊಂಡಿತ್ತು, ಹಾಕಿಕೊಂಡೆ.

ವಿಚಾರಣೆ ಡಿಸೆಂಬರ್ ನಾಲ್ಕನೇ ತಾರೀಖು ನಿಮ್ಮೂರಿನಲ್ಲಿ, ನನ್ನದು ಹನ್ನೆರಡಕ್ಕೆ ಇಲ್ಲಿ. ನನ್ನ ಮಾತು ಕೇಳುವುದಾದರೆ ನೀರಿನ ಮಟ್ಟ ಓದಿ ಹೇಳಿ ಕೆಳಗಿಳಿದುಬಿಡು. ಮುಳುಗಿದವನು ನಾನೊಬ್ಬನಿದ್ದೇನೆ. ಇನ್ನೊಬ್ಬರನ್ನು ಎಳೆದರೆ ಗುಂಡಿಯಕ್ಕ ಎದ್ದು ಬರುವುದಿಲ್ಲ.

ಅಣ್ಣ


ಡಿಸೆಂಬರ್ 6

ಅಣ್ಣನಿಗೆ,

ನಿನ್ನ ಮಾತು ಕೇಳಲಿಲ್ಲ.

ಮೂರನೇ ತಾರೀಖು ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. "ನಾಳೆ ನಾನು ಎಲ್ಲ ಹೇಳ್ತೀನಿ. ನನಗಿಂತ ಮುಂಚೆ ನೀವು ಹೇಳಿದ್ರೆ ಚೆನ್ನಾಗಿರುತ್ತೆ." ಅವರು ತಟ್ಟೆ ಸರಿಸಿ ಎದ್ದು ಹೋದರು. ಬೆಳಗ್ಗೆ ಹಾಸಿಗೆ ಖಾಲಿ. ಓಡಿಹೋದರು ಅಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ, ಬೀರುವಿನಲ್ಲಿ ಅವರ ಬಟ್ಟೆ ಎಣಿಸಿಯೂ ನೋಡಿದೆ.

ಶಾಲೆಯ ದೊಡ್ಡ ಕೋಣೆಯಲ್ಲಿ ವಿಚಾರಣೆ. ಮೂವರು ಅಧಿಕಾರಿಗಳು, ಮುಂದಿನ ಸಾಲಿನಲ್ಲಿ ಸತ್ತವರ ಮನೆಯವರು. ಇವರು ಆಗಲೇ ಬಂದು ಕೂತಿದ್ದರು, ಮಡಿಲಲ್ಲಿ ಫೋನಿನ ಪುಸ್ತಕ. ಕರೆಯುವ ಮೊದಲೇ ಎದ್ದು ಹೋಗಿ ಅದನ್ನು ಮೇಜಿನ ಮೇಲಿಟ್ಟರು. ಎಂಟೂ ಇಪ್ಪತ್ತರ ಫೋನನ್ನು ತಮ್ಮ ಕೈಯಾರೆ ಬರೆದಿದ್ದರು. ಬರೆದದ್ದನ್ನು ಹೇಳಿದರು, ಮಾಡದ್ದನ್ನೂ ಹೇಳಿದರು. ಆಮೇಲೆ ನಾನು ಹೋಗಿ ಸೇತುವೆಯ ಮೇಲೆ ಅವರು ಕೇಳಿದ್ದನ್ನು, ನಾನು ನಕ್ಕದ್ದನ್ನು ಹೇಳಿದೆ.

ಹಿಂದಿನಿಂದ ಯಾರೋ ಕೂಗಲು ಶುರುಮಾಡಿದರು. ಆಗ ದೊಡ್ಡ ಅಧಿಕಾರಿ, "ಅಣೆಕಟ್ಟು ಯಾಕೆ ತುಂಬಿತ್ತು ಅನ್ನೋದಕ್ಕೂ ಕಾಗದ ಇದೆ" ಅಂತ ನಮ್ಮ ಅರ್ಜಿಯ ಹಾಳೆಗಳನ್ನು ಎತ್ತಿ ತೋರಿಸಿದರು. ಮುಂದಿನ ಸಾಲಿನಿಂದ ಹಿಂದಿನ ಗೋಡೆಯ ತನಕ, ಅದಕ್ಕೆ ಸಹಿ ಮಾಡದವರು ಒಬ್ಬರೂ ಆ ಕೋಣೆಯಲ್ಲಿರಲಿಲ್ಲ. ಕೂಗುತ್ತಿದ್ದವರು ಕೂತುಬಿಟ್ಟರು.

ಗುಂಡಿಯಕ್ಕನ ಮಗಳು ಮಾತ್ರ ಎದ್ದು ನಿಂತಳು. ಇವರನ್ನೇ ಕೇಳಿದಳು.

"ಸೇತುವೆಯಿಂದ ವಾಪಸ್ ಬರ್ತಾ ನಮ್ಮ ಅಂಗಡಿ ಮುಂದೆ ಹಾದು ಹೋದ್ರಿ. ಅಮ್ಮ ಕರೆದು ಚಹಾ ಕೊಟ್ಳು. ಕುಡಿದ್ರಿ. ಆಗ್ಲೂ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ," ಅಂದರು.

ಅವಳು ಕೂತಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಇವರಿಗೆ ಮನೆ ತನಕ ನಡೆಯುವ ಶಕ್ತಿ ಇರುತ್ತಿತ್ತೇನೋ. ದಾರಿಯಲ್ಲಿ ಎರಡು ಸಲ ಕೂತರು. ನಾನು ಪಕ್ಕದಲ್ಲಿ ನಿಂತೆ, ಕೈ ಹಿಡಿಯಲಿಲ್ಲ.

ಹನ್ನೆರಡಕ್ಕೆ ನಿನ್ನ ಸರದಿ. ಅರ್ಧ ಹೇಳಿ ಬರಬೇಡ.

ತಂಗಿ


ಜೂನ್ 28

ಅಣ್ಣನಿಗೆ,

ನೀನು ವಿಚಾರಣೆಯಲ್ಲಿ ಎಲ್ಲ ಹೇಳಿದೆ ಅಂತ ಪತ್ರಿಕೆಯಲ್ಲಿ ಓದಿದೆ. ಕೆಲಸ ಹೋದದ್ದೂ ಓದಿದೆ. ಆರು ತಿಂಗಳು ಬರೆಯದೆ ಇದ್ದದ್ದು ಕೋಪದಿಂದಲ್ಲ. ಏನು ಬರೆದರೂ ಅದು ನಿಜವೋ ಅಲ್ಲವೋ ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ಈ ಬೇಸಿಗೆ ಕಷ್ಟವಾಯಿತು. ಹೊಸ ಕಟ್ಟಳೆಯಂತೆ ಅಣೆಕಟ್ಟನ್ನು ಖಾಲಿ ಇಟ್ಟುಕೊಂಡಿದ್ದಾರೆ. ನಮಗೆ ನಾಲ್ಕು ದಿನಕ್ಕೊಮ್ಮೆ ನೀರು. ಬೈಯುವವರು ಬೈಯುತ್ತಾರೆ, ಆದರೆ ತಗ್ಗಿದ ದನಿಯಲ್ಲಿ. ಇವರನ್ನು ಸೈರನ್ನಿನಿಂದ ತೆಗೆದು ನೀರಿನ ಟ್ಯಾಂಕ್ ಕಾಯಲು ಹಾಕಿದ್ದಾರೆ. ಸೈರನ್ ಕೆಲಸಕ್ಕೆ ಅರ್ಜಿ ಹಾಕಿ ಗುಂಡಿಯಕ್ಕನ ಮಗಳು ಸೇರಿಕೊಂಡಳು.

ಮೊನ್ನೆ ಮಧ್ಯಾಹ್ನ, ಮೇಲೆ ಮಳೆ ಜೋರಾಗಿದೆ, ಗೇಟು ತೆಗೆಯಬಹುದು ಅಂತ ಅಣೆಕಟ್ಟಿನಿಂದ ಫೋನ್ ಬಂತು. ಅವಳು ಯಾರನ್ನೂ ಕೇಳಲಿಲ್ಲ, ಒತ್ತಿದಳು. ನಾನು ಸೇತುವೆಯ ಮೇಲಿದ್ದೆ. ನೀರು ಎರಡು ಮೀಟರು, ಅಲ್ಲಾಡಿರಲಿಲ್ಲ. ಪುಸ್ತಕ ಎದೆಗವಚಿಕೊಂಡು ಓಡಿದೆ. ಊರು ಗುಡ್ಡ ಹತ್ತಿ ಸಂಜೆಯ ತನಕ ಕೂತಿತು. ಏನೂ ಬರಲಿಲ್ಲ. ಇಳಿಯುವಾಗ ತರಕಾರಿಯವನು, "ಸುಮ್ನೆ ಒಂದು ದಿನದ ವ್ಯಾಪಾರ ಹೋಯ್ತು" ಅಂದ. ಡಿಸೆಂಬರಿನಿಂದ ನಾಲ್ಕು ಜನರ ಮುಂದೆ ಬಾಯಿ ತೆರೆಯದ ಇವರು ತಿರುಗಿ ನಿಂತು, "ವ್ಯಾಪಾರ ತಾನೇ ಹೋದದ್ದು" ಅಂದರು.

ಮನೆಯೊಳಗೆ ಎಲ್ಲ ಸರಿಹೋಗಿದೆ ಅಂತ ತಿಳಿಯಬೇಡ. ಅವರು ಗ್ಯಾಸ್ ಆರಿಸಿದೆ ಅಂದರೆ ನಾನು ಹೋಗಿ ನೋಡುತ್ತೇನೆ. ಬಾಗಿಲು ಹಾಕಿದೆ ಅಂದರೆ ಚಿಲಕ ಮುಟ್ಟಿ ಬರುತ್ತೇನೆ. ನಾನು ಮುಟ್ಟುವುದನ್ನು ಅವರು ನೋಡುತ್ತಾರೆ. ಕೆಲವು ದಿನ ಮುಟ್ಟದೆ ಮಲಗಲು ನೋಡುತ್ತೇನೆ. ನಿದ್ದೆ ಬರುವುದಿಲ್ಲ, ಎದ್ದು ಹೋಗುತ್ತೇನೆ. ಅವರು ಕಾಲು ಮಡಚಿಕೊಂಡು ದಾರಿ ಬಿಡುತ್ತಾರೆ.

ಮೊನ್ನೆ ಅವರೇ ಕೇಳಿದರು, "ನಿಮ್ಮಣ್ಣ ಇಲ್ಲಿಗೆ ಬಂದಿರ್ತಾನಾ? ಅಲ್ಲೊಬ್ಬನೇ ಏನು ಮಾಡ್ತಾನೆ?" ಮನಸ್ಸಿನಿಂದ ಕೇಳಿದರೋ, ನನ್ನನ್ನು ಮೆಚ್ಚಿಸಲು ಕೇಳಿದರೋ ಅಂತ ಎರಡು ದಿನ ತೂಗಿ ನೋಡಿದೆ. ತೂಗಿ ಸಾಕಾಯಿತು. ಹಿಂದಿನ ಕೋಣೆಯನ್ನು ಗುಡಿಸಿಟ್ಟಿದ್ದೇನೆ. ಬರುತ್ತೇನೆ ಅಂತ ಕಾಗದ ಬರೆಯಬೇಡ, ಬಂದುಬಿಡು.

ನಿನ್ನ ಪುಟ್ಟಿ